ನೆರೆ ಇಳಿದ ಊರಿನ ಕಸ: ಮಾಡಬೇಕಾದ್ದು, ಮಾಡಬಾರದ್ದು

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಗ್ರಾಮ ಪಂಚಾಯ್ತಿಗಳಿಗೆ, ಮನೆಮಂದಿಗೆ ಮತ್ತು ನೆರವಿಗೆ ಬರುವ ಎಲ್ಲರಿಗೆ

2009ರ ಸೆಪ್ಟೆಂಬರ್ ಕೊನೆಗೆ ಸುರಿದ ಮಳೆ ಉತ್ತರ ಕರ್ನಾಟಕದ ಊರೂರನ್ನೇ ಕೆಡವಿತು. ಹತ್ತು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಹೊಳೆಗಳು ಮತ್ತೆ ಊರೊಳಗೆ ಬಂದವು. ಗೋಕಾಕ, ರಾಮದುರ್ಗ, ಕೊಣ್ಣೂರಿನ ಓಣಿಗಳಲ್ಲಿ ನೀರು ನಿಂತಿತು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಮಲಪ್ರಭೆ ನುಗ್ಗಿತು. ನೀರು ಏರುವಾಗ ಜನರನ್ನು ದಾಟಿಸುವುದು, ಕಾಳಜಿ ಕೇಂದ್ರ ತೆರೆಯುವುದು, ಅನ್ನ ಬೇಯಿಸಿ ಹಾಕುವುದು ನಮಗೆ ಈಗ ಗೊತ್ತಿರುವ ಕೆಲಸ. ನೀರು ಇಳಿದ ಮೇಲೆ ಊರ ತುಂಬ ಉಳಿಯುವ ರಾಡಿ, ಬಿದ್ದ ಗೋಡೆ, ಕೊಳೆತ ಜೋಳ, ನೆನೆದ ಗಾದಿ, ಸತ್ತ ದನ, ಒಡೆದ ಔಷಧಿ ಡಬ್ಬಿಗಳನ್ನು ಏನು ಮಾಡಬೇಕೆಂಬುದಕ್ಕೆ ಮಾತ್ರ ನಾವಿನ್ನೂ ತಯಾರಾಗಿಲ್ಲ. ಆ ಹೊತ್ತಿಗೆ ಜೆಸಿಬಿ ತರಿಸಿ ಎಲ್ಲವನ್ನೂ ಒಟ್ಟಿಗೆ ಬಾಚಿ ಊರಾಚೆಯ ಹಳ್ಳಕ್ಕೆ ನೂಕುತ್ತೇವೆ. ಮುಂದಿನ ಮಳೆಗೆ ಅದೇ ಹಳ್ಳ ಕಟ್ಟಿಕೊಳ್ಳುತ್ತದೆ.

ಈ ಪ್ರಕಟಣೆಯ ಸಾರ ನಾಲ್ಕೇ ಮಾತು. ಕಸ ಹಾಕುವ ಜಾಗವನ್ನು ಮಳೆಗಾಲಕ್ಕೆ ಮೊದಲೇ ಗೊತ್ತು ಮಾಡಿ. ಬೆರೆಸಬೇಡಿ. ಸುಡಬೇಡಿ. ಹೊಳೆಗೆ ನೂಕಬೇಡಿ. ಮುಂದಿನದೆಲ್ಲ ಇದರ ವಿವರ.

1. ಮಳೆಗಾಲಕ್ಕೆ ಮೊದಲು: ಪಂಚಾಯ್ತಿಯ ಕೆಲಸ

ಮಾಡಬೇಕಾದ್ದು

• ನೆರೆ ಕಸಕ್ಕೆ ತಾತ್ಕಾಲಿಕ ಜಾಗವನ್ನು ಮೇ ತಿಂಗಳೊಳಗೆ ಗುರುತಿಸಿ. ಅದು 2009 ಮತ್ತು 2019ರಲ್ಲಿ ನೀರು ಮುಟ್ಟಿದ ಗುರುತಿಗಿಂತ ಎತ್ತರದಲ್ಲಿರಬೇಕು. ಆ ಗುರುತು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಅವರನ್ನು ಕರೆದುಕೊಂಡು ಹೋಗಿ ನಿಂತು ನೋಡಿ.
• ಕುಡಿಯುವ ನೀರಿನ ಬಾವಿ, ಕೊಳವೆಬಾವಿ, ಶಾಲೆ, ಅಂಗನವಾಡಿ, ಕಾಳಜಿ ಕೇಂದ್ರಗಳಿಂದ ಆ ಜಾಗ ದೂರವಿರಲಿ. ಟ್ರ್ಯಾಕ್ಟರ್ ಒಂದು ಕಡೆಯಿಂದ ಒಳಬಂದು ಇನ್ನೊಂದು ಕಡೆಯಿಂದ ಹೊರಹೋಗುವಷ್ಟು ದಾರಿ ಇರಲಿ.
• ಸತ್ತ ಜಾನುವಾರು ಹೂಳುವುದಕ್ಕೆ ಬೇರೆ ಜಾಗ ಗುರುತಿಸಿ. ಎರಡೂ ಒಂದೇ ಆಗಬಾರದು.
• ಗಮ್‌ಬೂಟು, ರಬ್ಬರ್ ಕೈಗವಸು, ಮುಖಗವಸು, ಸಲಿಕೆ, ಬುಟ್ಟಿ, ತಾಡಪತ್ರಿ, ಸುಣ್ಣ, ಬ್ಲೀಚಿಂಗ್ ಪೌಡರ್‌ಗಳನ್ನು ಮೊದಲೇ ತಂದು ಎತ್ತರದ ಕಟ್ಟಡದಲ್ಲಿಡಿ. ಬ್ಲೀಚಿಂಗ್ ಪೌಡರ್ ಗಾಳಿಗೂ ತೇವಕ್ಕೂ ಸತ್ವ ಕಳೆದುಕೊಳ್ಳುತ್ತದೆ. ಹೋದ ವರ್ಷದ ಚೀಲವನ್ನು ನಂಬಬೇಡಿ.
• ಟ್ರ್ಯಾಕ್ಟರ್, ಜೆಸಿಬಿ ಮಾಲೀಕರೊಂದಿಗೆ ಬಾಡಿಗೆ ದರವನ್ನು ಮುಂಚಿತವಾಗಿ ಬರೆದು ಒಪ್ಪಿಕೊಳ್ಳಿ. ನೆರೆ ಬಂದ ದಿನ ಚೌಕಾಸಿಗೆ ಸಮಯ ಇರುವುದಿಲ್ಲ.
• ಮನೆ ಮನೆಯ ಕಸ ಒಯ್ಯುವ ಸ್ವಚ್ಛ ವಾಹಿನಿಯ ಮಹಿಳೆಯರನ್ನು ಈ ಯೋಜನೆಯ ಸಭೆಗೆ ಕರೆಯಿರಿ. ಯಾವ ಓಣಿಯಲ್ಲಿ ಏನು ಬೀಳುತ್ತದೆಂದು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ.

ಮಾಡಬಾರದ್ದು

• ಹಳ್ಳದ ದಂಡೆ, ಕೆರೆಯಂಗಳ, ಹಾಳು ಬಾವಿ, ಹಳೆಯ ಕಲ್ಲುಕ್ವಾರಿಯ ನೀರುಗುಂಡಿಗಳನ್ನು ಕಸದ ಜಾಗವೆಂದು ಬರೆದುಕೊಳ್ಳಬೇಡಿ.
• ಒಂದು ಕೇರಿಯ ಪಕ್ಕಕ್ಕೆ ಇಡೀ ಊರಿನ ಕಸ ತಂದು ಸುರಿಯುವ ತೀರ್ಮಾನ ಮಾಡಬೇಡಿ. ಅಲ್ಲಿ ವಾಸಿಸುವವರ ಒಪ್ಪಿಗೆ ಗ್ರಾಮಸಭೆಯಲ್ಲಿ ದಾಖಲಾಗದೆ ಜಾಗ ಅಂತಿಮವಾಗಬಾರದು.
• ‘ಜಿಲ್ಲೆಯಿಂದ ಆದೇಶ ಬರಲಿ’ ಎಂದು ಕಾಯಬೇಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಅವಶೇಷ ತೆರವು ಮಾಡಿಸುವ ಅಧಿಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕಿದೆ. ನಿಮ್ಮ ಯೋಜನೆಯನ್ನು ನೀವೇ ಮೊದಲು ಅವರ ಕೈಗಿಡಿ.

2. ನೀರು ಇಳಿದ ಮೊದಲ ದಿನ: ಮನೆಯವರ ಕೆಲಸ

ಮಾಡಬೇಕಾದ್ದು

• ಒಳಗೆ ಕಾಲಿಡುವ ಮೊದಲು ಹೊರಗಿನಿಂದ ಗೋಡೆ ನೋಡಿ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಿದ್ದು, ನೀರು ಇಳಿದು ದಿನಗಳು ಕಳೆದ ಮೇಲೆ ಬೀಳುವುದುಂಟು. ಮಾಳಿಗೆ ಮನೆಯ ಮೇಲ್ಮುದ್ದೆ ನೆನೆದು ಭಾರವಾಗಿರುತ್ತದೆ. ಬಿರುಕು ಬಿಟ್ಟ, ಹೊಟ್ಟೆ ಉಬ್ಬಿದ ಗೋಡೆಯ ಮನೆಗೆ ಹೋಗಬೇಡಿ, ಅದರ ನೆರಳಿನಲ್ಲೂ ಕೂರಬೇಡಿ.
• ಹೆಸ್ಕಾಂನವರು ಬಂದು ಪರೀಕ್ಷಿಸುವವರೆಗೆ ಮೇನ್ ಸ್ವಿಚ್ ಮುಟ್ಟಬೇಡಿ. ತಂತಿ ಬಿದ್ದಿದ್ದರೆ 1912ಕ್ಕೆ ಹೇಳಿ. ಗ್ಯಾಸ್ ವಾಸನೆ ಬಂದರೆ ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ಹೇಳಿ.
• ಏನನ್ನೂ ಎಸೆಯುವ ಮೊದಲು ಮನೆಯ ನಾಲ್ಕೂ ಬದಿಯ, ಒಳಗಿನ ಸಾಮಾನುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಪಂಚನಾಮೆಗೆ ಬಂದವರು ಬಿದ್ದ ಗೋಡೆಯನ್ನು ಬಿದ್ದಲ್ಲೇ ನೋಡಬೇಕು.
• ಪಹಣಿ, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ನೆನೆದಿದ್ದರೂ ಬಿಸಾಡಬೇಡಿ. ಬಿಡಿಸಿ, ನೆರಳಿನಲ್ಲಿ ಹರಡಿ ಒಣಗಿಸಿ.
• ರಾಡಿಯನ್ನು ಹಸಿಯಿರುವಾಗಲೇ ತೆಗೆಯಿರಿ. ಎರೆಮಣ್ಣಿನ ರಾಡಿ ಒಣಗಿದರೆ ಸಲಿಕೆಗೆ ಬಗ್ಗುವುದಿಲ್ಲ.
• ಪ್ರತಿ ಹೆಜ್ಜೆಗೂ ಕೋಲು ಮುಂದಿಟ್ಟು ನಡೆಯಿರಿ. ತಗಡಿನ ಕೆಳಗೆ, ಕಟ್ಟಿಗೆ ರಾಶಿಯಲ್ಲಿ, ಹಾಸಿಗೆಯ ಮಡಿಕೆಯಲ್ಲಿ ಹಾವು ಚೇಳು ಸೇರಿರುತ್ತವೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸಬೇಡಿ, 108ಕ್ಕೆ ಕರೆ ಮಾಡಿ.

ಮಾಡಬಾರದ್ದು

• ನೀರು ನುಗ್ಗಿದ ಹಗೇವಿನೊಳಗೆ ಯಾರೂ ಇಳಿಯಬಾರದು. ನೆನೆದ ಧಾನ್ಯ ಹುಳಿತು ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಒಬ್ಬರು ಬಿದ್ದರೆಂದು ಎತ್ತಲು ಇಳಿದ ಎರಡನೆಯವರೂ ಉಳಿಯುವುದಿಲ್ಲ. ಬಾಯಿ ತೆರೆದು, ಸುತ್ತ ಬೇಲಿ ಕಟ್ಟಿ, ಅಗ್ನಿಶಾಮಕ ದಳದವರನ್ನು ಕರೆಸಿ.
• ಶೌಚಾಲಯದ ಗುಂಡಿಗೆ ಯಾರನ್ನೂ ಇಳಿಸಬೇಡಿ. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಹೀರುವ ಯಂತ್ರದ ಗಾಡಿಯನ್ನು ಹತ್ತಿರದ ಪಟ್ಟಣದಿಂದ ಪಂಚಾಯ್ತಿಯೇ ತರಿಸಬೇಕು.
• ಮನೆಯ ರಾಡಿಯನ್ನು ಚರಂಡಿಗೆ ನೂಕಬೇಡಿ. ಮೊದಲು ಚರಂಡಿ ಕಟ್ಟುತ್ತದೆ, ಆಮೇಲೆ ಅದೇ ನೀರು ನಿಮ್ಮ ಹೊಸ್ತಿಲಿಗೆ ಬರುತ್ತದೆ.
• ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಬೇಡಿ.

3. ಬೇರೆ ಬೇರೆ ರಾಶಿ: ಇಡೀ ಕೆಲಸದ ಬೆನ್ನೆಲುಬು

2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯಿಂದ ಜಪಾನಿನ ಕರಾವಳಿಯಲ್ಲಿ ಸುಮಾರು 2 ಕೋಟಿ ಟನ್ ಅವಶೇಷ, ಅದರ ಮೇಲೆ ಸುಮಾರು 1 ಕೋಟಿ ಟನ್ ಕೆಸರು ಬಿತ್ತು. ಫುಕುಶಿಮಾದ ಕೆಲವು ಭಾಗ ಬಿಟ್ಟರೆ ಉಳಿದದ್ದನ್ನು ಅವರು ಮೂರು ವರ್ಷದಲ್ಲಿ, 2014ರ ಮಾರ್ಚ್ ಹೊತ್ತಿಗೆ ವಿಲೇವಾರಿ ಮಾಡಿ ಮುಗಿಸಿದರು. ಹಿಗಾಶಿ ಮಾತ್ಸುಶಿಮಾ ಎಂಬ ಸಣ್ಣ ನಗರದವರು ತಂದು ಹಾಕುವಾಗಲೇ ಬೇರ್ಪಡಿಸಿ, ಆಮೇಲೆ ಊರಿನವರನ್ನೇ ಕೂಲಿಗೆ ಹಚ್ಚಿ ಕೈಯಿಂದ ಇನ್ನಷ್ಟು ವಿಂಗಡಿಸಿ, ಶೇ. 97ರಷ್ಟನ್ನು ಮರುಬಳಕೆಗೆ ತಂದರು. 2003ರ ಭೂಕಂಪದಲ್ಲಿ ಎಲ್ಲವನ್ನೂ ಬೆರೆಸಿ ಒಟ್ಟಿ ಪಟ್ಟ ಪಾಡು ಅವರಿಗೆ ಈ ಪಾಠ ಕಲಿಸಿತ್ತು. ಇದಕ್ಕೆ ದೊಡ್ಡ ಯಂತ್ರಗಳಿಗಿಂತ ಮುಂಚಿನ ತೀರ್ಮಾನ ಮುಖ್ಯ. ಆ ತೀರ್ಮಾನ ನಮ್ಮ ಪಂಚಾಯ್ತಿಗೂ ಸಾಧ್ಯ.

ಮಾಡಬೇಕಾದ್ದು

ಪ್ರತಿ ಓಣಿಯ ತುದಿಯಲ್ಲಿ ಅಥವಾ ಗುರುತಿಸಿದ ಜಾಗದಲ್ಲಿ ಈ ಒಂಬತ್ತು ರಾಶಿ ಬೇರೆ ಬೇರೆ ಇರಲಿ. ಪ್ರತಿ ರಾಶಿಗೂ ಓದು ಬಾರದವರಿಗೂ ತಿಳಿಯುವಂತೆ ಚಿತ್ರದ ಫಲಕ ನೆಡಿ.

• ರಾಡಿ, ಹೂಳು ಮಣ್ಣು
• ಕಲ್ಲು, ಇಟ್ಟಿಗೆ, ಕಾಂಕ್ರೀಟ್ ತುಂಡು
• ತೊಲೆ, ಕಂಬ, ಬಾಗಿಲು ಚೌಕಟ್ಟು, ಬಿದ್ದ ಮರ
• ಪತ್ರಾಸ್, ಕಬ್ಬಿಣ, ಪಾತ್ರೆ
• ಗಾದಿ, ಕೌದಿ, ಬಟ್ಟೆ
• ಪ್ಲಾಸ್ಟಿಕ್, ಹನಿ ನೀರಾವರಿಯ ಪೈಪು, ಟೈರು
• ಟಿವಿ, ಫ್ರಿಜ್, ಮಿಕ್ಸರ್, ಪಂಪ್‌ಸೆಟ್ ಮೋಟರ್, ವೈರು
• ಕೊಳೆತ ಧಾನ್ಯ, ಮೇವು, ಕಬ್ಬಿನ ರವದಿ
• ವಿಷದ ಸಾಮಾನು: ಕೀಟನಾಶಕ, ಔಷಧಿ, ಬ್ಯಾಟರಿ, ಟ್ಯೂಬ್‌ಲೈಟ್, ಬಣ್ಣದ ಡಬ್ಬಿ. ಇದಕ್ಕೆ ನೆರಳು, ಗಟ್ಟಿ ನೆಲ, ಬೀಗ ಮೂರೂ ಬೇಕು.

ಟೈರು, ಒಡೆದ ಗಡಿಗೆ, ಬಕೆಟ್‌ಗಳಲ್ಲಿ ನೀರು ನಿಲ್ಲದಂತೆ ತಾಡಪತ್ರಿ ಹೊದಿಸಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರದಿಂದ ಹತ್ತು ದಿನ ಸಾಕು.

ಮಾಡಬಾರದ್ದು

• ಬೆರಕೆ ಕಸ ತುಂಬಿದ ಟ್ರ್ಯಾಕ್ಟರನ್ನು ಜಾಗದೊಳಗೆ ಬಿಡಬೇಡಿ. ಬಾಗಿಲಲ್ಲೇ ನಿಲ್ಲಿಸಿ ಬೇರ್ಪಡಿಸಿ. ಮೊದಲ ದಿನ ಸಡಿಲ ಬಿಟ್ಟರೆ ಎರಡನೆಯ ದಿನ ಹಿಡಿತ ಸಿಗುವುದಿಲ್ಲ.
• ಬೆಂಕಿ ಹಚ್ಚಬೇಡಿ. ನೆನೆದ ರಾಶಿ ಉರಿಯುವುದಿಲ್ಲ, ದಿನಗಟ್ಟಲೆ ಹೊಗೆಯಾಡುತ್ತದೆ. ಪ್ಲಾಸ್ಟಿಕ್, ರೆಗ್ಜಿನ್, ವೈರಿನ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷ ಇರುತ್ತದೆ. ಅದನ್ನು ಮೊದಲು ಉಸಿರಾಡುವವರು ಕಾಳಜಿ ಕೇಂದ್ರದಲ್ಲಿ ಮಲಗಿರುವ ಹಸುಗೂಸು ಮತ್ತು ಮುದುಕರು.
• ತಾಮ್ರಕ್ಕಾಗಿ ವೈರು ಸುಡಬೇಡಿ, ಫ್ರಿಜ್ ಒಡೆಯಬೇಡಿ, ಬ್ಯಾಟರಿಯ ಆಸಿಡ್ ಚೆಲ್ಲಬೇಡಿ.
• ದೇವರ ಪಟ, ನೆನೆದ ಪುರಾಣ, ಪಂಚಾಂಗಗಳನ್ನು ಹೊಳೆಗೆ ಬಿಡಬೇಡಿ. ಗುಡಿಯ ಕಟ್ಟೆಯ ಮೇಲೆ ಒಂದೆಡೆ ಇರಿಸಿ, ಗಾಜು ಬಿಡಿಸಿ, ಊರಿನವರು ಕೂಡಿ ಗೌರವದಿಂದ ಮಣ್ಣಿಗೆ ಕೊಡಿ.

4. ಸತ್ತ ಜಾನುವಾರು

ಮಾಡಬೇಕಾದ್ದು

• ಕೂಡಲೇ ಪಶು ಆಸ್ಪತ್ರೆಗೆ ಅಥವಾ 1962ಕ್ಕೆ ತಿಳಿಸಿ. ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದಿಟ್ಟುಕೊಂಡು ಫೋಟೊ ತೆಗೆಯಿರಿ, ಪರಿಹಾರದ ಅರ್ಜಿಗೆ ಬೇಕಾಗುತ್ತದೆ.
• ಗುರುತಿಸಿದ ಎತ್ತರದ ಜಾಗದಲ್ಲಿ, ಬಾವಿ ಮತ್ತು ಹಳ್ಳದಿಂದ ದೂರ, ಕನಿಷ್ಠ ಆರು ಅಡಿ ಆಳಕ್ಕೆ ಜೆಸಿಬಿಯಿಂದ ಗುಂಡಿ ತೆಗೆಸಿ. ಗುಂಡಿಯಲ್ಲಿ ನೀರು ಒಸರಿದರೆ ಆ ಜಾಗ ಬಿಡಿ. ಕೆಳಗೂ ಮೇಲೂ ಸುಣ್ಣ ಹಾಕಿ, ಮಣ್ಣು ತುಂಬಿ, ನಾಯಿ ತೋಡದಂತೆ ಮುಳ್ಳುಬೇಲಿ ಹಾಕಿ. ಜಾಗದ ಗುರುತು ಪಂಚಾಯ್ತಿ ದಾಖಲೆಯಲ್ಲಿರಲಿ.

ಮಾಡಬಾರದ್ದು

• ಹೊಟ್ಟೆ ಸೀಳಬೇಡಿ, ಚರ್ಮ ಸುಲಿಯಬೇಡಿ. ಸತ್ತದ್ದು ನೆರಡಿ ರೋಗದಿಂದ ಇದ್ದರೆ ಅದರ ಬೀಜಾಣು ದಶಕಗಟ್ಟಲೆ ಮಣ್ಣಿನಲ್ಲಿ ಜೀವ ಹಿಡಿದಿರುತ್ತದೆ.
• ಹೊಳೆಗೆ ನೂಕಬೇಡಿ. ಕೆಳಗಿನ ಊರಿನವರು ಕುಡಿಯುವುದು ಅದೇ ನೀರು.
• ಸತ್ತ ದನ ಎತ್ತಲು ಒಂದು ಕೇರಿಗೆ ಮಾತ್ರ ಹೇಳಿಕಳಿಸುವುದು ಇಲ್ಲಿಗೆ ನಿಲ್ಲಬೇಕು. ಪರಿಶಿಷ್ಟ ಜಾತಿ, ಪಂಗಡದವರಿಂದ ಕಳೇಬರ ಎತ್ತಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆ ಇರದಿದ್ದರೂ ಅದು ಅನ್ಯಾಯವೇ. ಯಂತ್ರ ತರಿಸಿ, ಪಂಚಾಯ್ತಿಯೇ ನಿಂತು ಮಾಡಿಸಬೇಕು.

5. ಧಾನ್ಯ, ಔಷಧಿ, ಕೀಟನಾಶಕ

ಮಾಡಬೇಕಾದ್ದು

• ಕೊಳೆತ ಜೋಳ, ಗೋಧಿ, ಮೇವು, ರವದಿಯನ್ನು ಸಗಣಿ ಮತ್ತು ಮಣ್ಣಿನ ಪದರ ಹಾಕಿ ತಿಪ್ಪೆಗುಂಡಿಯಲ್ಲಿ ಗೊಬ್ಬರ ಮಾಡಿ. ಮೇಲೆ ಗೇಣುದ್ದ ಮಣ್ಣು ಮುಚ್ಚಿದರೆ ನೊಣ ಏಳುವುದಿಲ್ಲ.
• ಒಡೆದ ಕೀಟನಾಶಕ ಡಬ್ಬಿ ಕಂಡರೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಕೈಗವಸು ಹಾಕಿ ಗಟ್ಟಿ ಡ್ರಮ್ಮಿನಲ್ಲಿ ಇರಿಸಿ ಮುಚ್ಚಿ.
• ನೆನೆದ ಮಾತ್ರೆ, ಸಿರಪ್, ಸೂಜಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಹಳದಿ ಚೀಲದಲ್ಲಿ ಔಷಧಿಯೂ ಚುಚ್ಚದ ಗಟ್ಟಿ ಡಬ್ಬಿಯಲ್ಲಿ ಸೂಜಿಯೂ ವೈದ್ಯಕೀಯ ತ್ಯಾಜ್ಯ ಘಟಕಕ್ಕೆ ಹೋಗಬೇಕು.

ಮಾಡಬಾರದ್ದು

• ಬೂಸ್ಟು ಹಿಡಿದ ಕಾಳನ್ನು ತೊಳೆದು ಒಣಗಿಸಿ ಉಣ್ಣಬೇಡಿ, ದನಕ್ಕೂ ಕೋಳಿಗೂ ಹಾಕಬೇಡಿ. ಬೂಸ್ಟಿನ ಅಫ್ಲಾಟಾಕ್ಸಿನ್ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತನ್ನು ಕೆಡಿಸುತ್ತದೆ.
• ಕೀಟನಾಶಕದ ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ, ಕಾಳು ತುಂಬಬೇಡಿ.

6. ಬಿದ್ದ ಮನೆಯ ಅವಶೇಷ, ಹೊಲದ ಹೂಳು

ಮಾಡಬೇಕಾದ್ದು

• ಗಟ್ಟಿ ಕಲ್ಲು, ಸಾಗವಾನಿ ತೊಲೆ, ಕಂಬ, ಬಾಗಿಲುಗಳ ಮೇಲೆ ಮನೆಯವರ ಹೆಸರು ಬರೆದು ಬೇರೆ ಇಡಿ. ಅವು ಕಸವಲ್ಲ, ಆ ಕುಟುಂಬದ ಮುಂದಿನ ಮನೆ. ಒಡೆದ ಇಟ್ಟಿಗೆ, ಕಾಂಕ್ರೀಟನ್ನು ಕೊಚ್ಚಿಹೋದ ರಸ್ತೆ ತುಂಬಲು ಬಳಸಿ.
• ಸಿಮೆಂಟ್ ತಗಡಿನಲ್ಲಿ ಕಲ್ನಾರು ಇರುತ್ತದೆ. ನೀರು ಚಿಮುಕಿಸಿ, ಇಡಿಯಾಗಿ ಎತ್ತಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೇರೆ ಇಡಿ.
• ಹೊಲದಲ್ಲಿ ನಿಂತ ಹೂಳನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ಉಳಿಸಬೇಕೋ ತೆಗೆಯಬೇಕೋ ನಿರ್ಧರಿಸಿ.

ಮಾಡಬಾರದ್ದು

• ಮನೆಯವರ ಒಪ್ಪಿಗೆ, ಪಂಚನಾಮೆ ಎರಡೂ ಇಲ್ಲದೆ ಯಾವ ಗುತ್ತಿಗೆದಾರರೂ ಅವಶೇಷ ಒಯ್ಯಬಾರದು.
• ಸಿಮೆಂಟ್ ತಗಡನ್ನು ಒಡೆಯಬೇಡಿ, ಕೊಯ್ಯಬೇಡಿ, ರಸ್ತೆಗೆ ಹಾಕಿ ತುಳಿಸಬೇಡಿ. ಆ ಧೂಳು ಹಲವು ವರ್ಷಗಳ ಮೇಲೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು.
• ಹೊಲಕ್ಕೆ ಬಂದ ಮರಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯಿಲ್ಲದೆ ಮಾರಬೇಡಿ.
• 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದಂತೆ ಗುಡ್ಡ ಕುಸಿದಲ್ಲಿ, ಆ ಮಣ್ಣನ್ನು ತೊರೆಗೆ ಅಥವಾ ಇನ್ನೊಂದು ಇಳಿಜಾರಿನ ನೆತ್ತಿಗೆ ಸುರಿಯಬೇಡಿ. ಕಾಣೆಯಾದವರ ಹುಡುಕಾಟ ಮುಗಿಯಿತೆಂದು ಅಧಿಕಾರಿಗಳು ಹೇಳುವವರೆಗೆ ಆ ಮಣ್ಣನ್ನು ಸಾಗಿಸಲೇಬೇಡಿ.

7. ನೀರು, ಬ್ಲೀಚಿಂಗ್ ಪೌಡರ್, ಜ್ವರ

ಮಾಡಬೇಕಾದ್ದು

• ಮುಳುಗಿದ ಬಾವಿಯ ನೀರನ್ನು ಎತ್ತಿ ಹೊರಹಾಕಿ, ಕಸ ತೆಗೆದು, ಹೊಸ ನೀರು ಬಂದ ಮೇಲೆ ಕ್ಲೋರಿನ್ ಹಾಕಿ. ಸಾಮಾನ್ಯ ಲೆಕ್ಕ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್, ಅದಕ್ಕೆ ಸುಮಾರು 70 ಗ್ರಾಂ. ನೆರೆ ನೀರಿಗೆ ಇದು ಸಾಲದೆ ಹೋಗಬಹುದು. ಆದ್ದರಿಂದ ಒಂದು ಗಂಟೆ ಬಿಟ್ಟು ಆರೋಗ್ಯ ಸಿಬ್ಬಂದಿಯಿಂದ ಕ್ಲೋರಿನ್ ಪರೀಕ್ಷೆ ಮಾಡಿಸಿ. ಲೀಟರಿಗೆ 0.5 ಮಿಲಿಗ್ರಾಂ ಉಳಿಕೆ ಕಾಣಬೇಕು. ಅಷ್ಟರವರೆಗೆ ಕುದಿಸಿಯೇ ಕುಡಿಯಿರಿ.
• ರಾಡಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗಮ್‌ಬೂಟು ಕಡ್ಡಾಯ. ಇಲಿ ಮತ್ತು ದನದ ಮೂತ್ರ ಬೆರೆತ ನೀರಿನಿಂದ, ಗಾಯದ ಮೂಲಕ ಇಲಿ ಜ್ವರ ಹತ್ತುತ್ತದೆ. 2018ರ ನೆರೆಯ ನಂತರ ಕೇರಳದಲ್ಲಿ ಇದು ಜೀವಗಳನ್ನೇ ತೆಗೆಯಿತು, ಶುಚಿ ಕೆಲಸದವರಿಗೆ ಮುನ್ನೆಚ್ಚರಿಕೆಯಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಲಾಯಿತು. ಕೆಲಸ ಶುರುವಾಗುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸಲಹೆ ಪಡೆಯಿರಿ. ಮೊಳೆ, ತಗಡು ತಗುಲಿದರೆ ಧನುರ್ವಾಯು ಚುಚ್ಚುಮದ್ದು ತಪ್ಪಿಸಬೇಡಿ. ಜ್ವರ, ಮೀನಖಂಡದ ನೋವು, ಕೆಂಪಡರಿದ ಕಣ್ಣು ಕಂಡ ದಿನವೇ ಆಸ್ಪತ್ರೆಗೆ ಹೋಗಿ.

ಮಾಡಬಾರದ್ದು

• ಓಣಿಯ ರಾಡಿಯ ಮೇಲೆ ಬ್ಲೀಚಿಂಗ್ ಪೌಡರ್ ಗೆರೆ ಎಳೆದು ಶುಚಿಯಾಯಿತೆಂದು ವರದಿ ಬರೆಯಬೇಡಿ. ಕೊಳೆ ಮಣ್ಣು ಕ್ಲೋರಿನ್ ಅನ್ನು ನುಂಗಿಬಿಡುತ್ತದೆ. ಮೊದಲು ರಾಡಿ ತೆಗೆದು, ನೆಲ ತೊಳೆದು, ಆಮೇಲೆ ಬಳಸಿ.
• ಬ್ಲೀಚಿಂಗ್ ಪೌಡರನ್ನು ಶೌಚಾಲಯ ತೊಳೆಯುವ ಆಸಿಡ್ ಜೊತೆ ಎಂದೂ ಸೇರಿಸಬೇಡಿ. ಏಳುವ ವಿಷಾನಿಲ ಉಸಿರು ಕಟ್ಟಿಸುತ್ತದೆ.

8. ನೆರವಿಗೆ ಬರುವವರು, ಕೆಲಸ ಮಾಡುವವರು

ಮಾಡಬೇಕಾದ್ದು

• ಬರುವ ಮೊದಲು ತಹಶೀಲ್ದಾರ್ ಕಚೇರಿಗೆ ಅಥವಾ ಪಂಚಾಯ್ತಿಗೆ ಕೇಳಿ, ಅವರು ಹೇಳಿದ್ದನ್ನಷ್ಟೇ ತನ್ನಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಸಲಿಕೆ, ಬೂಟು, ಕೈಗವಸು, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್ ಸದಾ ಬೇಕಾಗುವ ವಸ್ತುಗಳು.
• ತಂದ ರಟ್ಟು, ಬಾಟಲಿ, ಪ್ಲಾಸ್ಟಿಕ್ ಚೀಲಗಳನ್ನು ಅದೇ ಗಾಡಿಯಲ್ಲಿ ವಾಪಸು ಒಯ್ಯಿರಿ.
• ಪೌರಕಾರ್ಮಿಕರಿಗೆ, ಆಯ್ದು ಗುಜರಿಗೆ ಕೊಡುವವರಿಗೆ ದಿನದ ಕೂಲಿ, ಊಟ, ಸ್ನಾನಕ್ಕೆ ಬಿಸಿನೀರು, ಮಲಗಲು ಒಣ ಜಾಗ ಮೊದಲು ಕೊಡಿ. ಕೆಲಸ ಆಮೇಲೆ ಹೇಳಿ.

ಮಾಡಬಾರದ್ದು

• ಹಳೆಯ ಬಟ್ಟೆ ಕಳಿಸಬೇಡಿ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಬದಿಗಳಲ್ಲಿ ದಾನದ ಹಳೆ ಬಟ್ಟೆಯ ರಾಶಿಗಳು ಯಾರಿಗೂ ಬೇಡವಾಗಿ ಬಿದ್ದಿದ್ದವು. ನೊಂದವರಿಗೆ ಇನ್ನೊಂದು ಕಸದ ಹೊರೆ ಹೊರಿಸುವುದು ಸಹಾಯವಲ್ಲ.
• ಬೇಯಿಸಿದ ಅನ್ನದ ಪೊಟ್ಟಣಗಳನ್ನು ಲೆಕ್ಕವಿಲ್ಲದೆ ಹಂಚಬೇಡಿ. ಉಳಿದದ್ದು ಕೊಳೆತು ಇಲಿ ಕರೆಯುತ್ತದೆ.
• ಬೂಟು, ಕೈಗವಸು ಇಲ್ಲದ ಒಬ್ಬರನ್ನೂ ರಾಡಿಗೆ ಇಳಿಸಬೇಡಿ. ಸಾಮಗ್ರಿ ಬಂದಿಲ್ಲವೆಂದರೆ ಕೆಲಸ ಒಂದು ದಿನ ತಡವಾಗಲಿ.

ಕೊನೆಯ ಮಾತು

ಆಣೆಕಟ್ಟಿನಿಂದ ಎಷ್ಟು ನೀರು ಬಿಡುತ್ತಾರೆಂಬುದು ಊರಿನವರ ಕೈಯಲ್ಲಿಲ್ಲ. ಇಳಿದ ನೀರು ಬಿಟ್ಟುಹೋದದ್ದನ್ನು ಎಲ್ಲಿಡಬೇಕು, ಹೇಗಿಡಬೇಕು, ಯಾರ ಕೈಯಿಂದ ಎತ್ತಿಸಬೇಕು ಎಂಬುದು ಪೂರ್ತಿಯಾಗಿ ಊರಿನವರ ಕೈಯಲ್ಲಿದೆ. ಅದಕ್ಕೆ ಬೇಕಾದ್ದು ಒಂದು ಎತ್ತರದ ಜಾಗ, ಒಂಬತ್ತು ಫಲಕ, ಬೀಗ ಹಾಕಿಟ್ಟ ಒಂದಷ್ಟು ಬೂಟು ಸಲಿಕೆ, ಮುಂಚಿತವಾಗಿ ಬರೆದ ಒಂದು ಠರಾವು. ಬರುವ ಮಳೆಗಾಲಕ್ಕೆ ಮುಂಚಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನೆರೆ ಬಂದರೆ ನಮ್ಮೂರ ಕಸಕ್ಕೆ ಜಾಗ ಯಾವುದು, ಜವಾಬ್ದಾರಿ ಯಾರದು? ಉತ್ತರ ಠರಾವು ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆ ಬಿಟ್ಟು ಏಳಬೇಡಿ.